ಬರೆಸುವವನ ಧರ್ಮ

ಬದುಕಿರುವ ವ್ಯಕ್ತಿಯ ಭಾವಚಿತ್ರವನ್ನು ಬರೆಸುವುದು ಒಂದು ಬಗೆಯ ವ್ಯವಹಾರ. ಎಂದೂ ಹುಟ್ಟದ ವ್ಯಕ್ತಿಯ ಭಾವಚಿತ್ರವನ್ನು ಬರೆಸುವುದು ಬೇರೊಂದು ಬಗೆಯದು. ಮೊದಲನೆಯದರಲ್ಲಿ ಬರೆಸಿದವನಿಗೂ ಬರೆದವನಿಗೂ ಭಿನ್ನಾಭಿಪ್ರಾಯ ಬಂದರೆ ತೀರ್ಪು ಹೇಳಲು ಮೂಲವ್ಯಕ್ತಿಯೇ ಎದುರಿಗಿರುತ್ತಾನೆ. ಮೂಗು ಉದ್ದವಾಯಿತೋ, ಹಣೆ ಕಿರಿದಾಯಿತೋ ಎಂಬುದನ್ನು ದಾರಿಹೋಕನೂ ಹೇಳಬಲ್ಲನು. ಎರಡನೆಯದರಲ್ಲಿ ಅಂಥ ಸಾಕ್ಷಿಯಿಲ್ಲ. ಕಥೆಯ ಪಾತ್ರವು ಕಥೆಗಾರನ ಮನಸ್ಸಿನಲ್ಲಿ ಮಾತ್ರ ಇದೆ. ಚಿತ್ರಕಾರನು ಅದನ್ನು ಕಂಡವನಲ್ಲ. ಚಿತ್ರ ಮುಗಿದ ಮೇಲೆ 'ಇದು ನಾನು ಹೇಳಿದ್ದಲ್ಲ' ಎಂದು ಒಬ್ಬನೂ, 'ನೀವು ಹೇಳಿದ್ದು ಇದೇ' ಎಂದು ಇನ್ನೊಬ್ಬನೂ ವಾದಿಸಿದರೆ ಅದನ್ನು ತೂಗುವ ತಕ್ಕಡಿ ಎಲ್ಲಿಯೂ ಸಿಗುವುದಿಲ್ಲ. ಮಾದರಿ ನೋಡದೆ ಸರಕಿಗೆ ಮಾತು ಕೊಡುವ ಇಂಥ ವ್ಯವಹಾರವು ಪೂರ್ಣವಾಗಿ ವಿಶ್ವಾಸದ ಮೇಲೆ ನಿಂತದ್ದು. ಆದುದರಿಂದಲೇ ಇಲ್ಲಿ ಕಲೆಯ ಪ್ರಶ್ನೆಯ ಜೊತೆಗೆ ನೀತಿಯ ಪ್ರಶ್ನೆಯೂ ಹುಟ್ಟಿಕೊಳ್ಳುತ್ತದೆ.

ಈ ಪ್ರಶ್ನೆ ಇಂದು ಮತ್ತೆ ಮುಂದೆ ಬಂದಿದೆ. ತಾವು ಮೆಚ್ಚಿದ ಕಾದಂಬರಿಯ ನಾಯಕನನ್ನೋ, ತಾವೇ ಕಲ್ಪಿಸಿಕೊಂಡ ಪಾತ್ರವನ್ನೋ ಒಂದು ವಿಶಿಷ್ಟ ಶೈಲಿಯಲ್ಲಿ ಬರೆದುಕೊಡುವಂತೆ ದೂರದ ಚಿತ್ರಕಾರರಿಗೆ ಹಣ ಕಳುಹಿಸಿ ಕೇಳುವ ತರುಣರು ಈಗ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಬರೆಸುವವನ ಹಕ್ಕು ಎಲ್ಲಿಗೆ ಮುಗಿಯುತ್ತದೆ, ಬರೆಯುವವನ ಹಕ್ಕು ಎಲ್ಲಿಂದ ಮೊದಲಾಗುತ್ತದೆ, ಕೆಲಸ ಕೆಟ್ಟರೆ ನಷ್ಟವನ್ನು ಹೊರಬೇಕಾದವರು ಯಾರು ಎಂಬುವನ್ನು ನಿರ್ಣಯಿಸಲು ಹಳೆಯದೊಂದು ನಿದರ್ಶನವನ್ನು ಕೂಲಂಕಷವಾಗಿ ನೋಡುವುದು ಉಚಿತ. ಅಂಥ ನಿದರ್ಶನಗಳಲ್ಲಿ ದಾಖಲೆ ಚೆನ್ನಾಗಿ ಉಳಿದಿರುವುದು 'ಆಲಿಸಳ ಅದ್ಭುತಲೋಕ'ದ ಚಿತ್ರಗಳದು. ನಾ. ಕಸ್ತೂರಿಯವರ 'ಪಾತಾಳದಲ್ಲಿ ಪಾಪಚ್ಚಿ'ಯ ಮೂಲಕ ಕನ್ನಡದ ಓದುಗರಿಗೂ ಪರಿಚಿತವಾದ ಆ ಕಥೆಯ ಹಿಂದೆ ಒಬ್ಬ ಗಣಿತದ ಅಧ್ಯಾಪಕರು, ಒಬ್ಬ ವ್ಯಂಗ್ಯಚಿತ್ರಕಾರರು ಹಾಗೂ ಒಂದು ಸ್ಪಷ್ಟವಾದ ಜಮಾಖರ್ಚಿನ ಲೆಕ್ಕ ಇವೆ.

ಲೂಯಿಸ್ ಕ್ಯಾರೊಲ್ ಎಂಬುದು ಅಂಕಿತನಾಮ. ನಿಜವಾದ ಹೆಸರು ಚಾರ್ಲ್ಸ್ ಲಟ್‌ವಿಜ್ ಡಾಡ್ಸನ್. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತವನ್ನು ಕಲಿಸುತ್ತಿದ್ದ ಇವರು 1862ನೆಯ ಇಸವಿ ಜುಲೈ 4ರಂದು ಕಾಲೇಜಿನ ಮುಖ್ಯಸ್ಥರ ಮೂವರು ಹೆಣ್ಣುಮಕ್ಕಳನ್ನು ದೋಣಿಯಲ್ಲಿ ಕರೆದೊಯ್ಯುತ್ತ ಒಂದು ಕಥೆ ಹೇಳಿದರು. ಅವರಲ್ಲಿ ಒಬ್ಬಳಾದ ಆಲಿಸ್ ಲಿಡೆಲ್ ಅದನ್ನು ಬರೆದುಕೊಡಬೇಕೆಂದು ಕೇಳಿಕೊಂಡಳು. ಡಾಡ್ಸನ್ನರು ಅದನ್ನು ಮುದ್ದಾದ ಅಕ್ಷರಗಳಲ್ಲಿ ಬರೆದು, 37 ಚಿತ್ರಗಳನ್ನು ತಾವೇ ಹಾಕಿ, 1864ರ ನವೆಂಬರ್ 26ರಂದು ಅವಳಿಗೆ ಕಳುಹಿಸಿದರು. ಆ ಹಸ್ತಪ್ರತಿ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಚಿತ್ರಗಳಲ್ಲಿ ಪಳಗಿದ ಕೈ ಕಾಣುವುದಿಲ್ಲ, ಆದರೆ ಭಾವವಿದೆ. ಬೆಳೆದು ದೊಡ್ಡವಳಾಗಿ ಕೋಣೆಯಲ್ಲಿ ಮುದುಡಿಕೊಂಡಿರುವ ಆಲಿಸಳ ಚಿತ್ರವನ್ನು ನೋಡಿದವರಿಗೆ ಆ ಮಗುವಿನ ಉಸಿರುಗಟ್ಟುವಿಕೆ ಅನುಭವಕ್ಕೆ ಬರುತ್ತದೆ.

ಇಲ್ಲಿಯೇ ಬರೆಸುವವನ ಮೊದಲ ಧರ್ಮ ಗೋಚರಿಸುತ್ತದೆ. ತನ್ನ ಕೈಯ ಮಿತಿಯನ್ನು ತಾನೇ ಅರಿಯುವುದು ಸುಲಭವಲ್ಲ. ಒಂದು ಮಗುವಿಗೆ ಪ್ರೀತಿಯಿಂದ ಕೊಡುವ ಕಾಣಿಕೆಗೆ ಸಾಲುವ ಚಿತ್ರಗಳು ಹಣ ಕೊಟ್ಟು ಕೊಳ್ಳುವ ಸಾರ್ವಜನಿಕರಿಗೆ ಸಾಲವು ಎಂಬುದನ್ನು ಡಾಡ್ಸನ್ನರು ಒಪ್ಪಿಕೊಂಡರು. ಕಥೆಯನ್ನು ಹಿಗ್ಗಿಸಿ ಅಚ್ಚು ಹಾಕಿಸಲು ನಿರ್ಧರಿಸಿದಾಗ, ನಾಟಕಕಾರ ಟಾಮ್ ಟೇಲರ್ ಅವರ ಮೂಲಕ 1863ರ ಕೊನೆಯಲ್ಲಿ ಜಾನ್ ಟೆನಿಯಲ್ ಅವರನ್ನು ವಿಚಾರಿಸಿದರು. 'ಪಂಚ್' ವಾರಪತ್ರಿಕೆಯಲ್ಲಿ ರಾಜಕೀಯ ವ್ಯಂಗ್ಯಚಿತ್ರಗಳನ್ನು ಬರೆದು ಖ್ಯಾತರಾಗಿದ್ದ ಟೆನಿಯಲ್ಲರು 1864ರ ಏಪ್ರಿಲ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟರು.

ಒಪ್ಪಂದದ ಸ್ವರೂಪವನ್ನು ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕು. ಪ್ರಕಾಶಕರಾದ ಮ್ಯಾಕ್‌ಮಿಲನ್ ಸಂಸ್ಥೆಯವರು ಈ ಪುಸ್ತಕಕ್ಕೆ ಬಂಡವಾಳ ಹೂಡಲಿಲ್ಲ. ಅವರು ಕಮಿಷನ್ನಿನ ಮೇಲೆ ಮಾರಾಟ ಮಾಡಿಕೊಡುವವರು ಮಾತ್ರ. ಚಿತ್ರ, ಕೆತ್ತನೆ, ಮುದ್ರಣ, ರಟ್ಟು, ಜಾಹೀರಾತು ಇವೆಲ್ಲದರ ಖರ್ಚು ಲೇಖಕರದೇ. 1865ರ ಆಗಸ್ಟ್ 2ರಂದು ಡಾಡ್ಸನ್ನರು ದಿನಚರಿಯಲ್ಲಿ ಬರೆದಿಟ್ಟ ಲೆಕ್ಕ ಹೀಗಿದೆ: ಚಿತ್ರಗಳನ್ನು ಬರೆದುದಕ್ಕೆ 138 ಪೌಂಡು, ಮರದಲ್ಲಿ ಕೆತ್ತಿದುದಕ್ಕೆ 142, ಮುದ್ರಣಕ್ಕೆ 240, ರಟ್ಟು ಮತ್ತು ಜಾಹೀರಾತಿಗೆ ಅಂದಾಜು 80, ಒಟ್ಟು 600 ಪೌಂಡು. ಪುಸ್ತಕದಲ್ಲಿ ಇರುವುದು 42 ಚಿತ್ರಗಳು. ಭಾಗಿಸಿ ನೋಡಿದರೆ ಚಿತ್ರಕಾರರಿಗೆ ಒಂದೊಂದು ಚಿತ್ರಕ್ಕೆ 3 ಪೌಂಡು 5 ಷಿಲಿಂಗಿನ ಮೇಲೆ ಸ್ವಲ್ಪ ಸಂದಿತು. ಕೆತ್ತಿದವರಿಗೆ ಸಂದದ್ದು ಬರೆದವರಿಗೆ ಸಂದದ್ದಕ್ಕಿಂತ ತುಸು ಹೆಚ್ಚು ಎಂಬುದು ಅನೇಕರಿಗೆ ಆಶ್ಚರ್ಯ ತರಬಹುದು. ಆದರೆ ಕೆಲಸದ ಕ್ರಮ ತಿಳಿದವರಿಗೆ ಅದು ಸಹಜವೆನಿಸುತ್ತದೆ.

ಆ ಕ್ರಮ ಇಂತಿದೆ. ಟೆನಿಯಲ್ಲರು ಮೊದಲು ಕಾಗದದ ಮೇಲೆ ಪೆನ್ಸಿಲಿನಿಂದ ಚಿತ್ರವನ್ನು ಸಿದ್ಧಪಡಿಸಿ, ಅನಂತರ ಅದನ್ನು ಗಟ್ಟಿಯಾದ ಬಾಕ್ಸ್ ಮರದ ನುಣುಪು ಹಲಗೆಗೆ ಎಡಬಲ ತಿರುಗಿಸಿ ಇಳಿಸುತ್ತಿದ್ದರು. ಡಾಲ್ಜಿಯಲ್ ಸಹೋದರರ ಕಾರ್ಯಾಗಾರದ ಕೆತ್ತನೆಗಾರರು ಗೆರೆಯೊಂದನ್ನೇ ಉಳಿಸಿ, ಗೆರೆಯಲ್ಲದ ಭಾಗವನ್ನೆಲ್ಲ ಕೂದಲೆಳೆಯ ಸೂಕ್ಷ್ಮತೆಯಿಂದ ಕೆತ್ತಿ ತೆಗೆಯುತ್ತಿದ್ದರು. ಮರದ ಅಚ್ಚು ಸವೆಯಬಾರದೆಂದು ಅದರಿಂದ ಲೋಹದ ಪ್ರತಿಯಚ್ಚನ್ನು ತೆಗೆದು ಮುದ್ರಣಕ್ಕೆ ಬಳಸಲಾಗುತ್ತಿತ್ತು. ಮೂಲ ಹಲಗೆಗಳು 1985ರಲ್ಲಿ ಲಂಡನ್ನಿನ ಒಂದು ಬ್ಯಾಂಕಿನ ಭದ್ರಕೋಣೆಯಲ್ಲಿ ದೊರೆತವು. ಚಿತ್ರಗಳ ಮೂಲೆಯಲ್ಲಿ ಟೆನಿಯಲ್ಲರ ಹೆಸರಿನ ಮೊದಲಕ್ಷರಗಳ ಗುರುತಿನೊಂದಿಗೆ ಕೆತ್ತಿದವರ ಹೆಸರೂ ಕಾಣುತ್ತದೆ. ಮುಖಪುಟದಲ್ಲಿ ಲೇಖಕರು ತಮ್ಮ ನಿಜನಾಮವನ್ನು ಮರೆಮಾಡಿದರು. ಚಿತ್ರಕಾರರ ಹೆಸರನ್ನು ಮಾತ್ರ ಪೂರ್ಣವಾಗಿ ಅಚ್ಚು ಹಾಕಿಸಿದರು. ದುಡಿದವನ ಹೆಸರನ್ನು ದುಡಿಸಿಕೊಂಡವನು ಅಳಿಸಬಾರದು ಎಂಬ ನಿಯಮ ಇಲ್ಲಿ ಪಾಲಿತವಾಗಿದೆ. ಆದರೆ ಡಾಲ್ಜಿಯಲ್ ಎಂಬ ಒಂದೇ ಹೆಸರಿನ ಕೆಳಗೆ ಕುಳಿತು ಕಣ್ಣು ಸವೆಸಿದ ಕಾರ್ಯಾಗಾರದ ನೌಕರರ ಹೆಸರುಗಳು ಚಿತ್ರಗಳಲ್ಲಿ ಇಲ್ಲ. ಆ ಕಾಲದ ರೂಢಿ ಅದು. ರೂಢಿಯೆಂಬ ಕಾರಣಕ್ಕೆ ಅದು ನ್ಯಾಯವಾಗುವುದಿಲ್ಲ.

ಇನ್ನು ಚಿತ್ರಗಳ ಗುಣವನ್ನು ನೋಡೋಣ. ಡಾಡ್ಸನ್ನರ ಬರಹದಲ್ಲಿ ಆಲಿಸಳ ಉಡುಗೆಯ ವರ್ಣನೆ ಇಲ್ಲವೆಂದೇ ಹೇಳಬೇಕು. ಇಂದು ಜಗತ್ತಿನ ಮಕ್ಕಳೆಲ್ಲ ಬಲ್ಲ ಆ ಉಬ್ಬಿದ ಲಂಗ, ಮುಂದೆ ಕಟ್ಟಿದ ಬಿಳಿಯ ಮೇಲುಡುಪು, ಹಿಂದಕ್ಕೆ ಬಾಚಿದ ನೀಳವಾದ ತಿಳಿಬಣ್ಣದ ಕೂದಲು ಟೆನಿಯಲ್ಲರ ಕೊಡುಗೆ. ನಿಜಜೀವನದ ಆಲಿಸ್ ಲಿಡೆಲ್ ಕಪ್ಪು ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಿದ್ದ ಹುಡುಗಿ. ಚಿತ್ರದ ಆಲಿಸ್ ಅವಳಲ್ಲ. ಬರಹಗಾರರು ಕೆಲವೆಡೆ ತಮ್ಮ ಕೆಲಸವನ್ನು ಬೇಕೆಂದೇ ಚಿತ್ರಕಾರರಿಗೆ ಬಿಟ್ಟುಕೊಟ್ಟಿದ್ದಾರೆ. ಗ್ರಿಫನ್ ಎಂಬ ವಿಚಿತ್ರ ಪ್ರಾಣಿಯ ಪ್ರಸ್ತಾಪ ಬಂದಾಗ, ಅದೇನೆಂದು ತಿಳಿಯದವರು ಚಿತ್ರವನ್ನು ನೋಡಿಕೊಳ್ಳಬೇಕೆಂದು ಓದುಗನಿಗೆ ಸೂಚಿಸಿ ವರ್ಣನೆಯ ಗೋಜಿಗೇ ಹೋಗುವುದಿಲ್ಲ. ಹಣ ಕೊಟ್ಟವನು ಹೀಗೆ ಹಿಂದೆ ಸರಿದು ನಿಲ್ಲುವುದು ಅಪರೂಪ.

ಟೋಪಿ ಮಾರುವವನ ಚಿತ್ರದಲ್ಲಿ ಈ ಕೊಡುಗೆ ಇನ್ನೂ ಸ್ಪಷ್ಟವಾಗಿದೆ. ಅವನ ದೊಡ್ಡ ಟೋಪಿಗೆ ಹತ್ತು ಷಿಲಿಂಗು ಆರು ಪೆನ್ಸು ಎಂಬ ಬೆಲೆಚೀಟಿಯನ್ನು ಟೆನಿಯಲ್ಲರು ಸಿಕ್ಕಿಸಿದ್ದಾರೆ. ಬರಹದಲ್ಲಿ ಬೆಲೆಯ ಮಾತೇ ಇಲ್ಲ. ತನ್ನ ಬಳಿ ಇರುವ ಟೋಪಿಗಳೆಲ್ಲ ಮಾರುವುದಕ್ಕಾಗಿಯೇ ಇವೆ, ತನ್ನದೆನ್ನುವುದು ಒಂದೂ ಇಲ್ಲ ಎಂದು ಆ ಪಾತ್ರವು ವಿಚಾರಣೆಯ ಸಂದರ್ಭದಲ್ಲಿ ಹೇಳುತ್ತದೆ. ಆ ಮಾತಿನ ತಿರುಳನ್ನು ಹಿಡಿದು ಚಿತ್ರಕಾರರು ಒಂದು ಚೀಟಿಯಲ್ಲಿ ಅವನ ಬಾಳನ್ನೇ ಹೇಳಿಬಿಟ್ಟರು. ತಲೆಯ ಮೇಲೆ ಇಟ್ಟುಕೊಂಡದ್ದೂ ತನ್ನದಲ್ಲ, ಅದೂ ಮಾರಾಟದ ಸರಕು. ಅಂಗಡಿಯಲ್ಲಿ ಕುಳಿತು ಬಲ್ಲವರಿಗೆ ಈ ಚಿತ್ರವು ನಗೆಯ ಜೊತೆಗೆ ಸಣ್ಣದೊಂದು ಚುಚ್ಚನ್ನೂ ಕೊಡುತ್ತದೆ. ಮುಂದೆ 1890ರಲ್ಲಿ ಪುಟ್ಟ ಮಕ್ಕಳಿಗಾಗಿ 20 ಬಣ್ಣದ ಚಿತ್ರಗಳೊಂದಿಗೆ ಕಥೆಯನ್ನು ಮತ್ತೆ ಹೇಳಿದಾಗ ಡಾಡ್ಸನ್ನರು ಆ ಬೆಲೆಚೀಟಿಯನ್ನು ಬರಹದೊಳಕ್ಕೇ ತೆಗೆದುಕೊಂಡು ವಿವರಿಸಿದರು. ಬರೆಸಿದವರು ಬರೆದವರಿಂದ ಕಲಿತರು.

ದೋಷಗಳಿಲ್ಲವೆಂದಲ್ಲ. ಟೆನಿಯಲ್ಲರು ಎದುರಿಗೆ ಯಾರನ್ನೂ ಕೂರಿಸಿಕೊಂಡು ಬರೆಯುತ್ತಿರಲಿಲ್ಲ. ನೆನಪೇ ಅವರ ಆಧಾರ. ಆಲಿಸಳ ತಲೆ ಹಲವು ಚಿತ್ರಗಳಲ್ಲಿ ಮೈಗಿಂತ ದೊಡ್ಡದಾಗಿದೆ, ಪಾದಗಳು ತೀರ ಚಿಕ್ಕವಾಗಿವೆ ಎಂದು ಡಾಡ್ಸನ್ನರೇ ಬಹುವರ್ಷಗಳ ಅನಂತರ ಇನ್ನೊಬ್ಬ ಕಲಾವಿದೆಗೆ ಬರೆದ ಪತ್ರದಲ್ಲಿ ಆಕ್ಷೇಪಿಸಿದ್ದಾರೆ. ಅಳತೆಪಟ್ಟಿ ಹಿಡಿದರೆ ಆಕ್ಷೇಪ ಸರಿ. ಆದರೆ ಈ ಅಳತೆಯ ತಪ್ಪೇ ಶೈಲಿಯಾಗಿ ಪರಿಣಮಿಸಿದೆ ಎಂಬುದನ್ನು ವಿಮರ್ಶಕರು ಮರೆಯಬಾರದು. ಸುತ್ತಲಿನ ಇಸ್ಪೀಟಿನ ಎಲೆಗಳೂ ಪ್ರಾಣಿಗಳೂ ಕೂಗಾಡುತ್ತಿರುವಾಗ ಆಲಿಸಳ ದೊಡ್ಡ ತಲೆ, ಅಲುಗದ ಮುಖ, ತುಸು ಬಿಗಿದ ತುಟಿ ಇವು ಆಕೆಯನ್ನು ಆ ಗೊಂದಲದಿಂದ ಬೇರ್ಪಡಿಸಿ ನಿಲ್ಲಿಸುತ್ತವೆ. ಲೋಕ ಹುಚ್ಚಾದಾಗ ವಿವೇಕ ಒಂದು ಮಗುವಿನ ಮುಖದಲ್ಲಿ ಉಳಿದಿದೆ. ಸರಿಯಾದ ಅಳತೆಯ ಸುಂದರಿಯಾದ ಹುಡುಗಿಯಿಂದ ಈ ಅರ್ಥ ಹೊರಡುತ್ತಿರಲಿಲ್ಲ. ಪಾತ್ರಕ್ಕೆ ಮೂಲವಿಲ್ಲದಿರುವಾಗ ಹೋಲಿಕೆಯಲ್ಲ, ಔಚಿತ್ಯವೇ ಪ್ರಮಾಣ.

ಈಗ ಪ್ರಕರಣದ ನಡುಭಾಗಕ್ಕೆ ಬರಬೇಕು. ಮೊದಲ 2,000 ಪ್ರತಿಗಳನ್ನು ಆಕ್ಸ್‌ಫರ್ಡಿನ ಕ್ಲಾರೆಂಡನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಲಾಯಿತು. ದೋಣಿಯ ದಿನದ ನೆನಪಿಗೆ 1865ರ ಜುಲೈ 4ರಂದು ಆಲಿಸ್ ಲಿಡೆಲಳಿಗೆ ಒಂದು ಪ್ರತಿ ಸೇರಿತು. ಅದೇ ತಿಂಗಳಲ್ಲಿ ಟೆನಿಯಲ್ಲರ ಪತ್ರ ಬಂತು: ಚಿತ್ರಗಳ ಮುದ್ರಣ ತಮಗೆ ತೃಪ್ತಿಕರವಾಗಿಲ್ಲ. ಎರಡು ಮುದ್ರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ವಿದ್ವಾಂಸರಲ್ಲಿ ದೋಷ ಎಷ್ಟು ದೊಡ್ಡದೆಂಬ ವಿಷಯವಾಗಿ ಇಂದಿಗೂ ಒಮ್ಮತವಿಲ್ಲ. ಚಿತ್ರಕಾರರಿಗೆ ಅವರ ಸಂಭಾವನೆ ಗೊತ್ತುಮಾಡಿ ಆಗಿತ್ತು, ಅಚ್ಚು ಕೆಟ್ಟದ್ದಕ್ಕೆ ಲೇಖಕರು ಹೊಣೆಯಲ್ಲ, ಪುಸ್ತಕ ಸಿದ್ಧವಾಗಿತ್ತು. ಲೌಕಿಕರಾದ ಬೇರೆ ಯಾರಾದರೂ ಒಂದು ಸಮಾಧಾನದ ಪತ್ರ ಬರೆದು, ಮುಂದಿನ ಮುದ್ರಣದಲ್ಲಿ ಸರಿಪಡಿಸೋಣ ಎನ್ನುತ್ತಿದ್ದರು. ಡಾಡ್ಸನ್ನರು ಹಾಗೆ ಮಾಡಲಿಲ್ಲ. ಇಡೀ ಮುದ್ರಣವನ್ನು ಹಿಂದಕ್ಕೆ ತೆಗೆದುಕೊಂಡು ಲಂಡನ್ನಿನ ರಿಚರ್ಡ್ ಕ್ಲೇ ಅವರಲ್ಲಿ ಹೊಸದಾಗಿ ಅಚ್ಚು ಹಾಕಿಸಲು ತೀರ್ಮಾನಿಸಿದರು. ಹಳೆಯ 2,000 ಪ್ರತಿಗಳನ್ನು ರದ್ದಿಗೆ ಹಾಕುವುದೆಂದು ದಿನಚರಿಯಲ್ಲಿ ಬರೆದರು. ಹೊಸ 2,000 ಪ್ರತಿಗಳೆಲ್ಲ ಮಾರಿದರೂ 500 ಪೌಂಡು ಬಂದೀತು, 100 ಪೌಂಡು ನಷ್ಟ. ಹಳೆಯ ಮುದ್ರಣದ ನಷ್ಟ ಇನ್ನೊಂದು 100. ಒಟ್ಟು 200 ಪೌಂಡು ಕೈಬಿಡಬೇಕಾದೀತು. ಅದಕ್ಕೂ ಮೇಲೆ ಮತ್ತೆ 2,000 ಪ್ರತಿ ಮಾರಿದರೆ ಲೆಕ್ಕ ಸರಿಹೋದೀತು, ಅದರಾಚೆಗಿನ ಲಾಭವನ್ನು ತಾವು ಆಶಿಸಲಾರೆವು ಎಂಬುದು ಅವರ ಅಂದಾಜು. ಪುಸ್ತಕ ಮುಂದೆ ಎಷ್ಟು ಮಾರಾಟವಾಗುವುದೆಂದು ಅರಿಯದೆ, ನಷ್ಟವನ್ನು ಕಣ್ಣಾರೆ ಕಂಡು ಮಾಡಿದ ತೀರ್ಮಾನವಿದು. ಕೈಗೆ ಸಂಭಾವನೆ ಕೊಟ್ಟಾಗ ಕೈಯ ಮಾನಕ್ಕೂ ಹೊಣೆಯಾದಂತೆ ಎಂಬುದನ್ನು ಅವರು ಮಾತಿನಲ್ಲಿ ಹೇಳಲಿಲ್ಲ, ಲೆಕ್ಕದಲ್ಲಿ ತೋರಿಸಿದರು. ಈಗಾಗಲೇ ಸ್ನೇಹಿತರಿಗೆ ಕೊಟ್ಟಿದ್ದ ಪ್ರತಿಗಳನ್ನು ಮರಳಿ ಕೇಳಿ, ಬಂದವುಗಳನ್ನು ಮಕ್ಕಳ ಆಸ್ಪತ್ರೆಗಳಿಗೆ ಕೊಟ್ಟರು. ಹೊಸ ಮುದ್ರಣ 1865ರ ನವೆಂಬರಿನಲ್ಲಿ, 1866 ಎಂಬ ಇಸವಿಯನ್ನು ಹೊತ್ತು ಹೊರಬಂತು.

ಪ್ರಶಂಸಕರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತಾರೆ. ವಿಮರ್ಶೆ ಇನ್ನೊಂದು ಹೆಜ್ಜೆ ಮುಂದಿಡಬೇಕು. ರದ್ದಿಗೆಂದು ಬರೆದಿಟ್ಟ ಹಾಳೆಗಳು ರದ್ದಿಗೆ ಹೋಗಲಿಲ್ಲ. 1866ರಲ್ಲಿ ಅವು ನ್ಯೂಯಾರ್ಕಿನ ಆಪಲ್‌ಟನ್ ಸಂಸ್ಥೆಗೆ ಮಾರಾಟವಾದವು. ಆ ಸಂಸ್ಥೆ ತನ್ನ ಹೆಸರಿನ ಮುಖಪುಟವನ್ನು ಸೇರಿಸಿ ಅವನ್ನು ಅಮೆರಿಕದ ಓದುಗರಿಗೆ ಮಾರಿತು. ಲಂಡನ್ನಿನ ಮಗುವಿನ ಕೈಗೆ ಕೊಡಲು ಅಯೋಗ್ಯವೆಂದು ತಳ್ಳಿದ ಹಾಳೆಯೇ ನ್ಯೂಯಾರ್ಕಿನ ಮಗುವಿನ ಕೈಗೆ ಯೋಗ್ಯವಾಯಿತು. ಸಾಗರವನ್ನು ದಾಟಿದ ಮಾತ್ರಕ್ಕೆ ಮಸಿಯ ದೋಷ ತೊಳೆದುಹೋಗುತ್ತದೆಯೇ? ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ 'ಪ್ರತಿರೂಪಕ ವ್ಯವಹಾರ'ವನ್ನು ತತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಎಣಿಸಿದೆ. ಉತ್ತಮವಾದ ಸರಕಿನ ಹೆಸರಿನಲ್ಲಿ ಕೀಳಾದುದನ್ನು ಸಾಗಿಸುವುದು ಅದರ ಅರ್ಥ. ಹಾಳೆಗಳನ್ನು ಸಗಟಾಗಿ ಕೊಂಡ ವ್ಯಾಪಾರಿಯು ಸರಕನ್ನು ನೋಡಿ ಕೊಳ್ಳಬಲ್ಲವನು. ಆ ಮಟ್ಟಿಗೆ ಇದನ್ನು ವಂಚನೆ ಎನ್ನುವುದು ಕಠಿಣವಾದೀತು. ಆದರೆ ಕಡೆಯಲ್ಲಿ ಕೊಂಡ ಓದುಗನಿಗೆ, ಇದು ಚಿತ್ರಕಾರನು ಒಪ್ಪದ ಮುದ್ರಣವೆಂದು ಮುಖಪುಟ ಹೇಳಲಿಲ್ಲ. ಟೆನಿಯಲ್ಲರ ಹೆಸರು ಮಾತ್ರ ಅದರ ಮೇಲೆ ಇತ್ತು. ಯಾವ ಹೆಸರಿನ ಮಾನಕ್ಕಾಗಿ 2,000 ಪ್ರತಿಗಳನ್ನು ಹಿಂತೆಗೆದುಕೊಂಡರೋ ಅದೇ ಹೆಸರು ಅದೇ ಹಾಳೆಗಳ ಮೇಲೆ ಮಾರಾಟವಾಯಿತು. ನಷ್ಟವನ್ನು ಹೊರಲು ಸಿದ್ಧರಾಗಿದ್ದವರು ಅದರ ಒಂದು ಭಾಗವನ್ನು ಕಾಣದ ಜನರ ಮೇಲೆ ಇಳಿಸಿದರು. ಕಾಣದವರ ವಿಷಯದಲ್ಲಿಯೇ ನೀತಿಯ ಪರೀಕ್ಷೆ ನಡೆಯುವುದು.

ಎರಡನೆಯ ಪುಸ್ತಕವಾದ 'ಕನ್ನಡಿಯ ಒಳಗೆ' ಎಂಬುದರ ವಿಚಾರದಲ್ಲಿ ಸಂಬಂಧ ಇನ್ನಷ್ಟು ಮಾಗಿದೆ. ಟೆನಿಯಲ್ಲರು ಮೊದಲು ಒಪ್ಪಲಿಲ್ಲ. ಡಾಡ್ಸನ್ನರು ಬೇರೆ ಚಿತ್ರಕಾರರನ್ನು ವಿಚಾರಿಸಿ ಸಾಲದೆ ಮತ್ತೆ ಟೆನಿಯಲ್ಲರಲ್ಲಿಗೇ ಬಂದರು. 1868ರಲ್ಲಿ, ಬಿಡುವಾದಾಗ ಮಾತ್ರ ಮಾಡಿಕೊಡುವೆನೆಂಬ ಷರತ್ತಿನ ಮೇಲೆ ಟೆನಿಯಲ್ಲರು ಒಪ್ಪಿದರು. 50 ಚಿತ್ರಗಳ ಆ ಪುಸ್ತಕ ಹೊರಬಂದದ್ದು 1871ರ ಕೊನೆಯಲ್ಲಿ. ಹಣ ಕೊಡುವವನು ಕಾಯಲು ಒಪ್ಪಿದ.

ಆ ಅವಧಿಯಲ್ಲಿ, 1870ರ ಜೂನ್ ತಿಂಗಳ ಆರಂಭದಲ್ಲಿ, ಟೆನಿಯಲ್ಲರು ಒಂದು ಪತ್ರ ಬರೆದರು. ಕೃತಕ ಕೂದಲು ತೊಟ್ಟ ಕಣಜದ ಪ್ರಸಂಗವು ತಮಗೆ ರುಚಿಸುವುದಿಲ್ಲ, ಅದನ್ನು ಚಿತ್ರಿಸುವುದು ಕಲೆಯ ಸಾಧನಗಳಿಗೆ ಮೀರಿದ ಮಾತು, ಪುಸ್ತಕವನ್ನು ಮೊಟಕುಗೊಳಿಸುವುದಿದ್ದರೆ ಅದೇ ಸರಿಯಾದ ಜಾಗ ಎಂಬುದು ಅದರ ಸಾರಾಂಶ. ರೈಲಿನ ದೃಶ್ಯದಲ್ಲಿ ಗಾಡಿ ನೆಗೆದಾಗ ಆಲಿಸಳು ಮುದುಕಿಯ ಕೂದಲನ್ನು ಹಿಡಿಯುವುದರ ಬದಲು ಹತ್ತಿರದಲ್ಲಿರುವ ಆಡಿನ ಗಡ್ಡವನ್ನು ಹಿಡಿಯಲಿ ಎಂದೂ ಸೂಚಿಸಿದರು. ಡಾಡ್ಸನ್ನರು ಎರಡನ್ನೂ ಒಪ್ಪಿದರು. ಕಣಜದ ಭಾಗ ಬಿಟ್ಟುಹೋಯಿತು. ಅದರ ಕರಡಚ್ಚು 1974ರಲ್ಲಿ ಲಂಡನ್ನಿನ ಹರಾಜಿನಲ್ಲಿ ಕಾಣಿಸಿಕೊಂಡು 1977ರಲ್ಲಿ ಪ್ರಕಟವಾಯಿತು. ಕೂಲಿ ಪಡೆಯುವವನು 'ಇದನ್ನು ಬರೆಯಲಾರೆ' ಎಂದು ಹೇಳಬಲ್ಲವನಾದದ್ದು, ಕೂಲಿ ಕೊಡುವವನು ಅದಕ್ಕಾಗಿ ತನ್ನ ಬರಹವನ್ನೇ ಕತ್ತರಿಸಿದ್ದು ಈ ಪ್ರಕರಣದ ಶ್ರೇಷ್ಠ ಅಂಶ. ಟೆನಿಯಲ್ಲರ ನಿರಾಕರಣೆಯೂ ಅವರ ಚಿತ್ರಗಳಷ್ಟೇ ಬೆಲೆಯುಳ್ಳದ್ದು.

ಬರೆಸುವವನಿಗೂ ನಿರಾಕರಿಸುವ ಹಕ್ಕಿದೆ. ಆದರೆ ಅದನ್ನು ಯಾರ ಹಿತಕ್ಕಾಗಿ ಬಳಸಿದನೆಂಬುದನ್ನು ನೋಡಬೇಕು. ಜಬರ್‌ವಾಕ್ ಎಂಬ ರಾಕ್ಷಸಪ್ರಾಣಿಯ ಚಿತ್ರವನ್ನು ಟೆನಿಯಲ್ಲರು ಅತ್ಯಂತ ಸಮರ್ಥವಾಗಿ ಬರೆದಿದ್ದರು. ಅದನ್ನು ಪುಸ್ತಕದ ಮೊದಲ ಚಿತ್ರವಾಗಿ ಹಾಕುವುದೆಂದು ಯೋಜನೆಯಾಗಿತ್ತು. ಪುಸ್ತಕ ತೆರೆದೊಡನೆ ಈ ಭಯಂಕರ ರೂಪವನ್ನು ಕಂಡರೆ ಅಂಜುಬುರುಕ ಮಕ್ಕಳ ಗತಿಯೇನು ಎಂಬ ಸಂಶಯ ಡಾಡ್ಸನ್ನರಿಗೆ ಬಂತು. ತಾವೇ ತೀರ್ಮಾನಿಸುವ ಬದಲು ಅವರು ಸುಮಾರು ಮೂವತ್ತು ಮಂದಿ ತಾಯಂದಿರಿಗೆ ಚಿತ್ರವನ್ನು ತೋರಿಸಿ ಅಭಿಪ್ರಾಯ ಕೇಳಿದರು. ಮೊದಲ ಪುಟದಲ್ಲಿಯೇ ಇರಲೇ, ಒಳಗೆ ಸಂದರ್ಭ ಬಂದಲ್ಲಿ ಹಾಕಲೇ, ತೆಗೆದೇಬಿಡಲೇ ಎಂಬುವು ಅವರು ಮುಂದಿಟ್ಟ ಮೂರು ದಾರಿಗಳು. ಕೊನೆಗೆ ಚಿತ್ರ ಒಳಪುಟಕ್ಕೆ ಹೋಯಿತು, ಸೌಮ್ಯನಾದ ಬಿಳಿಯ ವೀರನು ಮೊದಲ ಪುಟಕ್ಕೆ ಬಂದನು. ಚಿತ್ರಕಾರರ ಶ್ರಮ ವ್ಯರ್ಥವಾಗಲಿಲ್ಲ, ಮಗುವೂ ಬೆಚ್ಚಲಿಲ್ಲ. ಮಾತಿನಿಂದ, ಕೈಯಿಂದ ಆಗುವ ನೋವಿನಂತೆ ಕಣ್ಣಿನ ಮೂಲಕವೂ ಮನಸ್ಸಿಗೆ ನೋವಾಗಬಹುದೆಂಬ ಎಚ್ಚರ ಇಲ್ಲಿದೆ. ಕಲ್ಪಿತ ರೂಪವಾದರೂ ಅದು ಹುಟ್ಟಿಸುವ ಭಯ ಕಲ್ಪಿತವಲ್ಲ.

'ಸ್ನಾರ್ಕ್ ಬೇಟೆ' ಎಂಬ ಇವರ ಕಾವ್ಯ 1876ರಲ್ಲಿ ಹೊರಬಂತು. ಚಿತ್ರಕಾರರು ಹೆನ್ರಿ ಹಾಲಿಡೇ. ಕಾವ್ಯದಲ್ಲಿ ಬರುವ ಬೂಜಮ್ ಎಂಬ ಜೀವಿಯನ್ನೂ ಅವರು ಬರೆದು ಕಳುಹಿಸಿದಾಗ ಡಾಡ್ಸನ್ನರು ಚಿತ್ರವನ್ನು ಮೆಚ್ಚಿಯೂ ಬೇಡವೆಂದರು. ಬೂಜಮ್ ಹೇಗಿದೆಯೆಂದು ಯಾರೂ ಊಹಿಸಲಾಗದಂತೆಯೇ ಉಳಿಯಬೇಕು ಎಂಬುದು ಅವರ ಕಾರಣ. ಮೂಲವಿಲ್ಲದ ಪಾತ್ರಕ್ಕೆ ರೂಪ ಕೊಡಿಸುವವನು ಯಾವುದಕ್ಕೆ ರೂಪ ಕೊಡಿಸಬಾರದೆಂಬುದನ್ನೂ ತಿಳಿದಿರಬೇಕು.

ಆದರೆ ಈ ಎಚ್ಚರವೇ ಮಿತಿಮೀರಿದರೆ ಪೀಡೆಯಾಗುತ್ತದೆ. 1889 ಮತ್ತು 1893ರಲ್ಲಿ ಎರಡು ಭಾಗಗಳಾಗಿ ಬಂದ 'ಸಿಲ್ವಿ ಮತ್ತು ಬ್ರೂನೋ' ಪುಸ್ತಕಕ್ಕೆ ಚಿತ್ರ ಬರೆದ ಹ್ಯಾರಿ ಫರ್ನಿಸ್ ಅವರು ತಮ್ಮ ನೆನಪುಗಳಲ್ಲಿ, ಡಾಡ್ಸನ್ನರು ಭೂತಗನ್ನಡಿ ಹಿಡಿದು ಗೆರೆಗಳನ್ನು ಎಣಿಸುತ್ತಿದ್ದರೆಂದೂ, ಈ ಲೇಖಕರೊಡನೆ ಒಂದು ವಾರವೂ ಬಾಳಲಾರಿರೆಂದು ಟೆನಿಯಲ್ಲರು ತಮಗೆ ಎಚ್ಚರಿಸಿದ್ದರೆಂದೂ ಬರೆದಿದ್ದಾರೆ. ವಿನೋದಪ್ರಿಯರಾದ ಫರ್ನಿಸರ ಮಾತಿನಲ್ಲಿ ಉತ್ಪ್ರೇಕ್ಷೆಯನ್ನು ಕಳೆದೇ ಲೆಕ್ಕ ಹಾಕಬೇಕು. ಕಳೆದ ಮೇಲೂ ಉಳಿಯುವ ಶೇಷ ಇದು: ಎರಡನೆಯ ಪುಸ್ತಕದ ಅನಂತರ ಟೆನಿಯಲ್ಲರು ಡಾಡ್ಸನ್ನರಿಗಾಗಿ ಮತ್ತೊಂದು ಹೊಸ ಕಥೆಗೆ ಚಿತ್ರ ಬರೆಯಲಿಲ್ಲ, ಪುಸ್ತಕಚಿತ್ರಗಳನ್ನು ರಚಿಸುವ ಶಕ್ತಿಯೇ ತಮ್ಮಿಂದ ಹೊರಟುಹೋಯಿತೆಂದು ತಿಳಿಸಿ ಬಿಡುಗಡೆ ಪಡೆದರು. ಅದು ನಿಜವೂ ಇರಬಹುದು, ಸೌಜನ್ಯದ ನೆವವೂ ಇರಬಹುದು. ಗುಣಮಟ್ಟದ ಮೇಲಿನ ಆಗ್ರಹ ಮತ್ತು ಮನುಷ್ಯನ ಮೇಲಿನ ಕರುಣೆ ಇವೆರಡನ್ನೂ ಒಂದೇ ಅಳತೆಯಲ್ಲಿ ಹಿಡಿಯುವುದು ಬರೆಸುವವನಿಗೆ ಕಷ್ಟದ ಸಾಧನೆ.

ಅಮೆರಿಕದ ಹಾಳೆಗಳ ಕಲೆ ಅಳಿಸಿತೇ? ದಾಖಲೆಯಲ್ಲಿ ಒಂದು ಸಮಾಧಾನವಿದೆ. 1893ರಲ್ಲಿ 'ಕನ್ನಡಿಯ ಒಳಗೆ' ಪುಸ್ತಕದ 60ನೆಯ ಸಾವಿರದ ಮುದ್ರಣದಲ್ಲಿ ಚಿತ್ರಗಳು ಕೆಟ್ಟು ಬಂದಿದ್ದವು. ಆಗ ಡಾಡ್ಸನ್ನರು ಸಾರ್ವಜನಿಕ ಪ್ರಕಟಣೆ ಹೊರಡಿಸಿ, ಅಂಥ ಪ್ರತಿ ಕೊಂಡವರು ಅದನ್ನು ಮರಳಿ ಕಳುಹಿಸಬೇಕೆಂದು ಕೇಳಿಕೊಂಡರು. ಉಳಿದ ಪ್ರತಿಗಳನ್ನು ಮಾರದೆ, ಕಾರ್ಮಿಕರ ವಾಚನಾಲಯಗಳಂಥ ಸಂಸ್ಥೆಗಳಿಗೆ ಉಚಿತವಾಗಿ ಕೊಡುವ ಏರ್ಪಾಡು ಮಾಡಿದರು. ಈ ಸಲ ದೋಷವನ್ನು ಮುಚ್ಚಿ ದೂರದ ಪೇಟೆಗೆ ಸಾಗಿಸಲಿಲ್ಲ. ದೋಷವನ್ನು ಹೇಳಿ ಹತ್ತಿರದವರಿಗೆ ದಾನ ಮಾಡಿದರು. 1866ಕ್ಕೂ 1893ಕ್ಕೂ ನಡುವೆ 27 ವರ್ಷಗಳ ಅಂತರವಿದೆ. ಮನುಷ್ಯನು ತನ್ನ ವ್ಯವಹಾರದಲ್ಲಿ ನೀತಿವಂತನಾಗಲು ಅಷ್ಟು ಕಾಲ ಹಿಡಿಯುವುದು ಅಸಹಜವಲ್ಲ. ಹಿಡಿದರೂ ಆದನಲ್ಲ ಎಂಬುದು ಮೆಚ್ಚತಕ್ಕದ್ದು.

ಡಾಡ್ಸನ್ನರು 1898ರಲ್ಲಿ, ಟೆನಿಯಲ್ಲರು 1914ರಲ್ಲಿ ತೀರಿಕೊಂಡರು. ಬರಹದ ಹಕ್ಕಿನ ಅವಧಿ ಬ್ರಿಟನ್ನಿನಲ್ಲಿ 1907ರಲ್ಲಿ ಮುಗಿದಾಗ ಆರ್ಥರ್ ರ‍್ಯಾಕಮ್ ಮೊದಲಾದ ಸಮರ್ಥರು ಹೊಸ ಆಲಿಸಳನ್ನು ಬರೆದರು. ಅವರ ಅನಂತರವೂ ಬರೆಯುವವರು ನಿಂತಿಲ್ಲ. ಆದರೂ ಓದುಗರ ಕಣ್ಣಿನಲ್ಲಿ ನಿಂತಿರುವುದು ಆ ದೊಡ್ಡ ತಲೆಯ, ಚಿಕ್ಕ ಪಾದದ ಹುಡುಗಿ. ಸುಂದರ ಚಿತ್ರಗಳು ಬಹಳ ಬಂದಿವೆ. ಬರೆಸಿದವನೂ ಬರೆದವನೂ ಇಷ್ಟು ಹಟದಿಂದ, ಇಷ್ಟು ಪರಸ್ಪರ ಗೌರವದಿಂದ ಪುಟಪುಟವನ್ನೂ ಗುದ್ದಾಡಿ ಗೆದ್ದ ಚಿತ್ರಗಳು ವಿರಳ.

ಇಂದು ಪಾತ್ರಗಳ ಚಿತ್ರ ಬರೆಸುವವರಿಗೆ ಇದರಿಂದ ತಿಳಿಯತಕ್ಕದ್ದೇನು? ಹಣ ಕೊಟ್ಟ ಮಾತ್ರಕ್ಕೆ ಬರೆಯುವವನ ವಿವೇಕವನ್ನು ಕೊಂಡಂತಾಗುವುದಿಲ್ಲ. ತನ್ನ ಕಲ್ಪನೆಯನ್ನು ಸ್ಪಷ್ಟವಾಗಿ ಹೇಳುವುದು ಬರೆಸುವವನ ಕರ್ತವ್ಯ; ಹೇಳದೆ ಬಿಟ್ಟ ಜಾಗದಲ್ಲಿ ಚಿತ್ರಕಾರನು ಒಂದು ಬೆಲೆಚೀಟಿ ಸಿಕ್ಕಿಸಿದರೆ ಅದನ್ನು ಕೃತಜ್ಞತೆಯಿಂದ ಸ್ವೀಕರಿಸುವುದೂ ಅವನ ಕರ್ತವ್ಯವೇ. ಹೆಸರನ್ನು ಉಳಿಸಬೇಕು, ಸಂಭಾವನೆಯನ್ನು ಸಕಾಲದಲ್ಲಿ ಸಲ್ಲಿಸಬೇಕು, ಕೆಟ್ಟುಹೋದುದರ ಭಾರವನ್ನು ಕಾಣದವರ ಮೇಲೆ ಹೊರಿಸಬಾರದು.

ಈಚಿನ ವರ್ಷಗಳಲ್ಲಿ ನಾಲ್ಕು ಮಾತು ಟೈಪು ಮಾಡಿದರೆ ಕ್ಷಣಾರ್ಧದಲ್ಲಿ ಯಾವ ಪಾತ್ರದ ಚಿತ್ರವನ್ನಾದರೂ ಯಾವ ಕಲಾವಿದನ ಶೈಲಿಯಲ್ಲಾದರೂ ಒದಗಿಸುವ ಯಂತ್ರಗಳು ಬಂದಿವೆ. ಅವು ಕಲಿತದ್ದು ಅಸಂಖ್ಯಾತ ಮನುಷ್ಯರ ಕೈಗೆಲಸದಿಂದ. ಆ ಕೈಗಳ ಹೆಸರು ಚಿತ್ರದ ಮೂಲೆಯಲ್ಲಿ ಕಾಣುವುದಿಲ್ಲ. ಅವುಗಳ ಪಾಲು ಯಾರ ಲೆಕ್ಕದಲ್ಲಿದೆ ಎಂಬ ವಾದ ಹಲವು ದೇಶಗಳ ನ್ಯಾಯಾಲಯಗಳನ್ನು ಮುಟ್ಟಿದೆ. ನ್ಯಾಯಾಲಯ ಹೇಳುವುದನ್ನು ನ್ಯಾಯಾಲಯ ಹೇಳಲಿ. ಬರೆಸುವವನು ತನ್ನಷ್ಟಕ್ಕೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಯಂತ್ರವು ಕಣಜವನ್ನೂ ಬರೆಯುತ್ತದೆ, ಬೂಜಮ್ಮನ್ನೂ ಬರೆಯುತ್ತದೆ. ತನಗಾಗಿ ಅಚ್ಚು ಕೆಟ್ಟಿತೆಂದು ಪತ್ರ ಬರೆಯುವುದಿಲ್ಲ. ಸುಲಭವಾಗಿ ದೊರೆತ ಅಂಥ ಚಿತ್ರದ ಎದುರು ಕುಳಿತಾಗ, ತನಗೆ 'ಬೇಡ' ಎಂದು ಹೇಳುವವರು ಯಾರೂ ಇಲ್ಲವೆಂಬುದನ್ನು ಅವನು ನೆನಪಿಡಬೇಕು. ಟೆನಿಯಲ್ಲರು ಡಾಡ್ಸನ್ನರಿಗೆ ಮಾಡಿದ ಆ ಉಪಕಾರವನ್ನು ಇನ್ನು ಮುಂದೆ ಬರೆಸುವವನು ತನಗೆ ತಾನೇ ಮಾಡಿಕೊಳ್ಳಬೇಕಾಗಿದೆ.